ಯೋಚನೆ ಇದೆ ಸರಿ, ಯೋಚಿಸುವವನು ಯಾರು?

1637ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಫ್ರೆಂಚ್ ಭಾಷೆಯ ಪುಸ್ತಕವೊಂದು ಅಚ್ಚಾಯಿತು. ಬುದ್ಧಿಯನ್ನು ಸರಿದಾರಿಯಲ್ಲಿ ನಡೆಸುವ ವಿಧಾನ ಅದರ ವಿಷಯ. ಬರೆದವರ ಹೆಸರು ಮಾತ್ರ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ತಾನು ಇದ್ದೇನೆ ಎಂಬುದನ್ನು ಯಾರೂ ಅಲ್ಲಾಡಿಸಲಾಗದಂತೆ ಸಾಧಿಸಿದ್ದೇನೆ ಎಂದುಕೊಂಡಿದ್ದ ಲೇಖಕ, ತಾನು ಯಾರೆಂಬುದನ್ನು ಮುಚ್ಚಿಟ್ಟಿದ್ದ. ಆತ ರೆನೆ ಡೆಕಾರ್ಟ್, ಫ್ರಾನ್ಸಿನಲ್ಲಿ 1596ರಲ್ಲಿ ಹುಟ್ಟಿದವನು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದ ಗೆಲಿಲಿಯೊಗೆ 1633ರಲ್ಲಿ ಚರ್ಚು ಶಿಕ್ಷೆ ವಿಧಿಸಿದ ಸುದ್ದಿ ಕೇಳಿ, ಬರೆದು ಮುಗಿಸಿದ್ದ ಇನ್ನೊಂದು ಪುಸ್ತಕವನ್ನು ಅಚ್ಚಿಗೆ ಕೊಡದೆ ತಡೆದಿಟ್ಟುಕೊಂಡ ಎಚ್ಚರಿಕೆಯ ಮನುಷ್ಯ.

ಯೋಚಿಸುತ್ತಿರುವುದರಿಂದಲೇ ನಾನು ಇದ್ದೇನೆ ಎಂದು ತಿಳಿಯುತ್ತದೆ ಎಂಬ ಆತನ ಸೂತ್ರ ಈಗ ಟೀ ಶರ್ಟಿನ ಮೇಲೂ ಕಾಫಿ ಮಗ್ಗಿನ ಮೇಲೂ ಕಾಣಸಿಗುತ್ತದೆ. ತತ್ತ್ವಶಾಸ್ತ್ರ ಓದದವರಿಗೂ ಗೊತ್ತಿರುವ ತತ್ತ್ವಶಾಸ್ತ್ರದ ಮಾತು ಅದೊಂದೇ ಇರಬೇಕು. 'ಕೊಗಿತೊ' ಎಂಬ ಲ್ಯಾಟಿನ್ ಹೆಸರಿನಲ್ಲಿ ವಿದ್ವಾಂಸರು ಅದನ್ನು ಕರೆಯುತ್ತಾರೆ. ಕೇಳಿದ ತಕ್ಷಣ ಸರಿ ಅನ್ನಿಸುವ ಮಾತು. ಆದರೆ ಅದು ನಿಜಕ್ಕೂ ಸಾಧಿಸುವುದೆಷ್ಟು? ನಾಲ್ಕು ಶತಮಾನಗಳ ವಾದವನ್ನೂ, ಅದಕ್ಕೂ ಎಷ್ಟೋ ಮೊದಲು ಭಾರತದಲ್ಲಿ ನಡೆದ ವಾದವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಡೆಕಾರ್ಟ್‌ನ ಸಾಧನೆ ಸುಳ್ಳಲ್ಲ, ಆದರೆ ನಾವು ತಿಳಿದಷ್ಟು ದೊಡ್ಡದೂ ಅಲ್ಲ.

ಅನುಮಾನವೇ ಆಧಾರ

ಡೆಕಾರ್ಟ್‌ನ ವಾದದ ಬಲವೆಲ್ಲ ಅದನ್ನು ತಲುಪಿದ ದಾರಿಯಲ್ಲಿದೆ. 1641ರಲ್ಲಿ ಲ್ಯಾಟಿನ್‌ನಲ್ಲಿ ಹೊರಬಂದ 'ಮೆಡಿಟೇಷನ್ಸ್' ಎಂಬ ಕೃತಿಯಲ್ಲಿ ಆತ ಆ ದಾರಿಯನ್ನು ಹಂತಹಂತವಾಗಿ ತೋರಿಸಿದ. ಗಣಿತಜ್ಞನಾಗಿದ್ದ ಆತನಿಗೆ ಜ್ಞಾನದ ಕಟ್ಟಡಕ್ಕೆ ಗಣಿತದಷ್ಟೇ ಗಟ್ಟಿಯಾದ ತಳಪಾಯ ಬೇಕಿತ್ತು. ಅನುಮಾನಿಸಲು ಸ್ವಲ್ಪ ಎಡೆ ಇದ್ದರೂ ಅದನ್ನು ಸುಳ್ಳೆಂದೇ ಬದಿಗಿಡುವುದು ಎಂದು ಹೊರಟ.

ಕಣ್ಣು, ಕಿವಿ ಆಗಾಗ ಮೋಸ ಮಾಡುತ್ತವೆ. ಆದ್ದರಿಂದ ಇಂದ್ರಿಯಗಳು ಹೇಳುವುದನ್ನು ಪೂರ್ತಿ ನಂಬುವಂತಿಲ್ಲ. ಕೈಯಲ್ಲಿ ಕಾಗದ ಹಿಡಿದು ಬೆಂಕಿಯ ಪಕ್ಕ ಕುಳಿತಿದ್ದೇನೆ ಅನ್ನಿಸುತ್ತಿದೆ, ಆದರೆ ಕನಸಿನಲ್ಲೂ ಹಾಗೇ ಅನ್ನಿಸುತ್ತದೆ. ಆದ್ದರಿಂದ ಈ ದೇಹವೂ ಖಚಿತವಲ್ಲ. ಎರಡಕ್ಕೆ ಮೂರು ಸೇರಿದರೆ ಐದು ಎಂಬುದಾದರೂ ಖಚಿತವೇ? ಸರ್ವಶಕ್ತನಾದ ಒಬ್ಬ ವಂಚಕ ಲೆಕ್ಕ ಹಾಕುವಾಗಲೆಲ್ಲ ನನ್ನನ್ನು ದಾರಿ ತಪ್ಪಿಸುತ್ತಿದ್ದರೆ? ಹೀಗೆ ಲೋಕ, ದೇಹ, ಗಣಿತ ಎಲ್ಲವೂ ಕೈಬಿಟ್ಟ ಮೇಲೆ ಉಳಿದದ್ದು ಒಂದೇ. ಆ ವಂಚಕ ಎಷ್ಟೇ ಮೋಸ ಮಾಡಲಿ, ಮೋಸ ಹೋಗುವುದಕ್ಕಾದರೂ ನಾನು ಇರಲೇಬೇಕು. ಅನುಮಾನಿಸುವುದೂ ಒಂದು ಯೋಚನೆ. 'ಯೋಚನೆ ಇದೆಯೇ' ಎಂದು ಅನುಮಾನಿಸಿದರೆ ಆ ಅನುಮಾನವೇ 'ಇದೆ' ಎಂಬ ಉತ್ತರ ಕೊಟ್ಟುಬಿಡುತ್ತದೆ.

ಈ ಎಳೆ ಪೂರ್ತಿ ಹೊಸದಲ್ಲ. ತಪ್ಪು ತಿಳಿಯುವುದಕ್ಕೂ ನಾನು ಇರಬೇಕಲ್ಲವೇ ಎಂಬ ವಾದವನ್ನು ಐದನೇ ಶತಮಾನದ ಆರಂಭದಲ್ಲೇ ಸಂತ ಅಗಸ್ಟೀನ್ ಹೂಡಿದ್ದ. ಪರಿಚಿತರೊಬ್ಬರು ಇದನ್ನು ನೆನಪಿಸಿದಾಗ ಡೆಕಾರ್ಟ್ ಲೈಡನ್ನಿನ ಗ್ರಂಥಾಲಯಕ್ಕೆ ಹೋಗಿ ಆ ಭಾಗವನ್ನು ಓದಿ ಬಂದ. ಹನ್ನೊಂದನೇ ಶತಮಾನದ ಪರ್ಶಿಯಾದ ವೈದ್ಯ, ದಾರ್ಶನಿಕ ಇಬ್ನ್ ಸಿನಾ, ಗಾಳಿಯಲ್ಲಿ ತೇಲುತ್ತಾ ಏನನ್ನೂ ಕಾಣದೆ, ತನ್ನ ಅಂಗಾಂಗವನ್ನೂ ಮುಟ್ಟಲಾಗದೆ ಇರುವ ಮನುಷ್ಯನನ್ನು ಕಲ್ಪಿಸಿದ್ದ. ಅಂಥವನಿಗೂ ತಾನಿದ್ದೇನೆ ಎಂಬುದು ತಿಳಿದಿರುತ್ತದೆ ಎಂದು ಆತನ ವಾದ. ಡೆಕಾರ್ಟ್‌ನ ಹೆಚ್ಚುಗಾರಿಕೆ ಇರುವುದು ಆ ಒಂದು ಬಿಂದುವಿನ ಮೇಲೆ ಇಡೀ ಜ್ಞಾನವನ್ನು ಮತ್ತೆ ಕಟ್ಟಲು ಹೊರಟಿದ್ದರಲ್ಲಿ.

ನಡೆದರೆ ಸಾಲದೇ?

'ಮೆಡಿಟೇಷನ್ಸ್' ಪ್ರಕಟವಾಗುವ ಮೊದಲೇ ಅದರ ಹಸ್ತಪ್ರತಿ ಆ ಕಾಲದ ವಿದ್ವಾಂಸರ ಕೈ ಸೇರಿತ್ತು. ಅವರ ಆಕ್ಷೇಪಗಳೂ ಡೆಕಾರ್ಟ್‌ನ ಉತ್ತರಗಳೂ ಪುಸ್ತಕದ ಜೊತೆಯಲ್ಲೇ ಅಚ್ಚಾದವು. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ, ಸಿದ್ಧಾಂತ ಎಂದು ಬರುತ್ತದಲ್ಲ, ಅದೇ ಬಗೆ. ಒಂದೇ ವ್ಯತ್ಯಾಸ, ಇಲ್ಲಿ ಪೂರ್ವಪಕ್ಷ ಹೂಡಿದವರು ಜೀವಂತ ಎದುರಾಳಿಗಳು.

ಪಿಯೇರ್ ಗಸೆಂಡಿ ಕೇಳಿದ: ಇರುವಿಕೆಯನ್ನು ಸಾಧಿಸಲು ಯೋಚನೆಯೇ ಏಕೆ ಬೇಕು? ನಡೆಯುತ್ತಿದ್ದೇನೆ, ಆದ್ದರಿಂದ ಇದ್ದೇನೆ ಎಂದರೆ ಸಾಲದೇ? ಡೆಕಾರ್ಟ್‌ನ ಉತ್ತರ ಚುರುಕಾಗಿತ್ತು. ಕನಸಿನಲ್ಲೂ ನಡೆದಂತೆ ಅನ್ನಿಸಬಹುದು, ಆಗ ಕಾಲು ನಡೆದಿರುವುದಿಲ್ಲ. ಆದರೆ ನಡೆದಂತೆ ಅನ್ನಿಸಿದ್ದು ಮಾತ್ರ ಸುಳ್ಳಾಗದು. ಆ ಅನ್ನಿಸಿಕೆಯೇ ಯೋಚನೆ.

ಥಾಮಸ್ ಹಾಬ್ಸ್‌ನ ಆಕ್ಷೇಪ ಇನ್ನೂ ಆಳದ್ದು. ಯೋಚಿಸುವ ವಸ್ತು ಒಂದಿದೆ ಎಂದು ಒಪ್ಪೋಣ. ಅದು ದೇಹವಲ್ಲ, ಬೇರೆಯದೇ ಆದ ಮನಸ್ಸು ಎಂದು ಹೇಗೆ ಗೊತ್ತಾಯಿತು? ಯೋಚಿಸುವುದು ದೇಹವೇ ಏಕಾಗಿರಬಾರದು? ಇಲ್ಲಿ ಡೆಕಾರ್ಟ್ ಇಕ್ಕಟ್ಟಿಗೆ ಸಿಲುಕಿದ. 'ನಾನು ಇದ್ದೇನೆ' ಎಂಬಲ್ಲಿಂದ 'ನಾನು ದೇಹದಿಂದ ಬೇರೆಯಾದ ಯೋಚಿಸುವ ದ್ರವ್ಯ' ಎಂಬಲ್ಲಿಗೆ ಆತ ಹಾರಿದ್ದ. 1643ರಲ್ಲಿ ಬೊಹಿಮಿಯಾದ ರಾಜಕುಮಾರಿ ಎಲಿಜಬೆತ್ ಪತ್ರ ಬರೆದು, ತೂಕವೂ ಅಳತೆಯೂ ಇಲ್ಲದ ಆತ್ಮ ದೇಹವನ್ನು ಅಲ್ಲಾಡಿಸುವುದಾದರೂ ಹೇಗೆ ಎಂದು ಕೇಳಿದಳು. ಎಷ್ಟೋ ಪತ್ರಗಳು ಹೋಗಿ ಬಂದವು; ಆಕೆಗೆ ಒಪ್ಪುವಂಥ ಉತ್ತರ ಮಾತ್ರ ಸಿಗಲಿಲ್ಲ.

ಇನ್ನೊಂದು ತೊಡಕು ಗಾಢನಿದ್ರೆಯದು. ಯೋಚನೆಯೇ ಮನಸ್ಸಿನ ಸ್ವರೂಪ ಎಂದ ಮೇಲೆ ಯೋಚನೆ ನಿಂತಾಗ ಮನಸ್ಸೂ ಇಲ್ಲವಾಗಬೇಕು. ಅದನ್ನು ತಪ್ಪಿಸಲು ಡೆಕಾರ್ಟ್, ಮನಸ್ಸು ಸದಾ ಯೋಚಿಸುತ್ತಲೇ ಇರುತ್ತದೆ, ತಾಯಿಯ ಹೊಟ್ಟೆಯಲ್ಲಿರುವ ಶಿಶುವೂ ಯೋಚಿಸುತ್ತದೆ, ಎದ್ದ ಮೇಲೆ ನೆನಪಿರುವುದಿಲ್ಲ ಅಷ್ಟೇ ಎಂದ. ಅರ್ಧ ಶತಮಾನದ ನಂತರ ಇಂಗ್ಲೆಂಡಿನ ಜಾನ್ ಲಾಕ್ ಇದನ್ನು ಹಾಸ್ಯ ಮಾಡಿದ. ತನಗೇ ತಿಳಿಯದಂತೆ ರಾತ್ರಿಯಿಡೀ ಯೋಚಿಸಿದೆ ಎನ್ನುವವನನ್ನು ನಂಬುವುದು ಹೇಗೆ?

ಒಳಹೊಕ್ಕು ಹುಡುಕಿದವರು

ಹದಿನೆಂಟನೇ ಶತಮಾನದಲ್ಲಿ ಆಕ್ಷೇಪ ಇನ್ನೂ ಬೇರಿಗೆ ಹೋಯಿತು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1739ರಲ್ಲಿ, ಕೇವಲ 27 ವರ್ಷದವನಿದ್ದಾಗ ಪ್ರಕಟಿಸಿದ ಕೃತಿಯಲ್ಲಿ ಒಂದು ಸರಳ ಪರೀಕ್ಷೆ ಮಾಡಿದ. 'ನಾನು' ಎಂಬುದನ್ನು ಹುಡುಕಿ ಒಳಹೊಕ್ಕರೆ ಬಿಸಿ, ತಂಪು, ಪ್ರೀತಿ, ದ್ವೇಷ, ನೋವು, ನಲಿವು ಎಂಬ ಯಾವುದಾದರೊಂದು ಅನುಭವ ಎಡತಾಕುತ್ತದೆ. ಅವೆಲ್ಲವನ್ನೂ ಹೊಂದಿರುವ 'ನಾನು' ಎಂಬ ಬೇರೆ ವಸ್ತು ಎಲ್ಲೂ ಸಿಗುವುದಿಲ್ಲ. ಹಾಗಾದರೆ ನಾನು ಎಂದರೆ ವೇಗವಾಗಿ ಒಂದರ ಹಿಂದೊಂದು ಸಾಗುವ ಅನುಭವಗಳ ಕಟ್ಟು ಎಂಬುದು ಆತನ ತೀರ್ಮಾನ. ಮರುವರ್ಷ ಬರೆದ ಅನುಬಂಧದಲ್ಲಿ ಆತನೇ, ಆ ಬಿಡಿಬಿಡಿ ಅನುಭವಗಳನ್ನು ಒಂದಾಗಿ ಕಟ್ಟಿರುವುದು ಏನು ಎಂದು ತನಗೆ ಹೊಳೆಯುತ್ತಿಲ್ಲ ಎಂದು ಒಪ್ಪಿಕೊಂಡ.

ಜರ್ಮನಿಯ ಭೌತವಿಜ್ಞಾನಿ ಗೆಯಾರ್ಗ್ ಲಿಕ್ಟೆನ್‌ಬರ್ಗ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಇದನ್ನೇ ಚುಟುಕಾಗಿ ಹಿಡಿದ. ಮಿಂಚು ಹೊಡೆಯಿತು ಎನ್ನುವಾಗ ಮಿಂಚಿಸಿದವನು ಯಾರು ಎಂದು ನಾವು ಕೇಳುವುದಿಲ್ಲ. ಯೋಚನೆಯನ್ನೂ ಹಾಗೆಯೇ ಹೇಳಬೇಕು: ಯೋಚನೆ ನಡೆಯುತ್ತಿದೆ, ಅಷ್ಟೇ. 'ನಾನು' ಎಂದು ಸೇರಿಸಿದ್ದು ವ್ಯವಹಾರದ ಅನುಕೂಲಕ್ಕೆ. ದಾರ್ಶನಿಕ ನೀಚೆ 1886ರಲ್ಲಿ ಇದಕ್ಕೆ ಇನ್ನಷ್ಟು ಮೊನೆ ಹಚ್ಚಿದ. ಯೋಚನೆ ಬರುವುದು ತನಗೆ ಬೇಕಾದಾಗ, ನಾನು ಕರೆದಾಗ ಅಲ್ಲ; ಕ್ರಿಯೆಯಿದ್ದರೆ ಕರ್ತೃವೂ ಇರಲೇಬೇಕು ಎಂಬುದು ವ್ಯಾಕರಣದ ಅಭ್ಯಾಸವೇ ಹೊರತು ಲೋಕದ ನಿಯಮವಲ್ಲ ಎಂದ. ರಾತ್ರಿ ಎರಡು ಗಂಟೆಗೆ ಬೇಡದ ಚಿಂತೆಯೊಂದು ತಲೆ ಹೊಕ್ಕು ನಿದ್ದೆಗೆಟ್ಟವರಿಗೆ ಈ ಮಾತಿನಲ್ಲಿ ಹುರುಳಿದೆ ಎಂದು ವಿವರಿಸಿ ಹೇಳಬೇಕಿಲ್ಲ.

ಇಮ್ಯಾನ್ಯುಯಲ್ ಕಾಂಟ್ 1781ರಲ್ಲಿ ಮಧ್ಯದ ದಾರಿ ಹಿಡಿದ. ಪ್ರತಿ ಯೋಚನೆಯ ಜೊತೆಗೂ 'ಇದು ನನ್ನದು' ಎಂದು ಸೇರಿಸಲು ಸಾಧ್ಯವಿರಬೇಕು, ಇಲ್ಲದಿದ್ದರೆ ಬಿಡಿ ಅನುಭವಗಳು ಒಂದು ಜ್ಞಾನವಾಗಿ ಕೂಡುವುದೇ ಇಲ್ಲ. ಆದರೆ ಅಷ್ಟರಿಂದಲೇ ಆ 'ನಾನು' ನಾಶವಿಲ್ಲದ ದ್ರವ್ಯ ಎಂದು ತೀರ್ಮಾನಿಸುವುದು ತರ್ಕದೋಷ ಎಂದು ಆತ ಎಚ್ಚರಿಸಿದ.

ಭಾರತದಲ್ಲಿ ಬೇರೆಯೇ ಪ್ರಶ್ನೆ

ಇಷ್ಟು ಹೊತ್ತಿಗೆ ಭಾರತೀಯ ದರ್ಶನಗಳ ಪರಿಚಯವಿರುವ ಓದುಗರಿಗೆ ಇವೆಲ್ಲ ಎಲ್ಲೋ ಕೇಳಿದಂತಿದೆಯಲ್ಲ ಅನ್ನಿಸಿರಬಹುದು. ಎಂಟನೇ ಶತಮಾನದ ಸುಮಾರಿಗೆ ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಆರಂಭದಲ್ಲೇ ಎರಡು ಪ್ರಶ್ನೆಗಳನ್ನು ಬೇರೆಬೇರೆ ಮಾಡಿಟ್ಟರು. ತಾನು ಇಲ್ಲ ಎಂದು ಯಾರಿಗೂ ಅನ್ನಿಸುವುದಿಲ್ಲ. ಅಲ್ಲಗಳೆಯಲು ಹೊರಟರೆ ಅಲ್ಲಗಳೆಯುವವನೇ ಆತ್ಮನಾಗಿ ಉಳಿಯುತ್ತಾನೆ. ಇದು ಡೆಕಾರ್ಟ್ ಮುಟ್ಟಿದ ಬಿಂದುವೇ. ಆದರೆ ಶಂಕರರು ಅಲ್ಲಿಗೆ ನಿಲ್ಲಲಿಲ್ಲ. 'ಇದ್ದೇನೆ' ಎಂಬಲ್ಲಿ ಜಗಳವಿಲ್ಲ, 'ಏನಾಗಿದ್ದೇನೆ' ಎಂಬಲ್ಲಿ ಮಾತ್ರ ಜಗಳ ಎಂದು ಹೇಳಿ, ಪಕ್ಷಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. ದೇಹವೇ ನಾನು ಎನ್ನುವವರು, ಇಂದ್ರಿಯಗಳೇ ಎನ್ನುವವರು, ಮನಸ್ಸು ಎನ್ನುವವರು, ಕ್ಷಣಿಕ ವಿಜ್ಞಾನ ಎನ್ನುವವರು, ಶೂನ್ಯ ಎನ್ನುವವರು, ಕರ್ತೃವೂ ಭೋಕ್ತೃವೂ ಆದ ಜೀವ ಎನ್ನುವವರು.

ಈ ಪಟ್ಟಿಯ ಒಂದೊಂದು ಪಕ್ಷದ ಹಿಂದೆಯೂ ಗಟ್ಟಿ ವಾದಗಳಿದ್ದವು. ಚಾರ್ವಾಕರ ಪ್ರಕಾರ ಹಿಟ್ಟು, ಕಿಣ್ವ ಸೇರಿ ಹುಳಿ ಬಂದಾಗ ಅಮಲು ಹುಟ್ಟುವ ಹಾಗೆ, ಪಂಚಭೂತಗಳಲ್ಲಿ ಆಕಾಶವನ್ನು ಬಿಟ್ಟು ಉಳಿದ ನಾಲ್ಕು ಕೂಡಿದಾಗ ಚೈತನ್ಯ ಹುಟ್ಟುತ್ತದೆ. ಬೇರೆ ಆತ್ಮದ ಅಗತ್ಯವಿಲ್ಲ. ಹಾಬ್ಸ್ ಕೇಳಿದ್ದು ಇದನ್ನೇ. ಬೌದ್ಧರು ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದು ಸ್ಕಂಧಗಳನ್ನು ಒಂದೊಂದಾಗಿ ಬಿಡಿಸಿ, ಯಾವುದರಲ್ಲೂ 'ನಾನು' ಇಲ್ಲ, ಹೊರಗೂ ಇಲ್ಲ ಎಂದರು. ಗ್ರೀಕ್ ದೊರೆ ಮಿಲಿಂದನಿಗೆ ಭಿಕ್ಷು ನಾಗಸೇನ ಕೊಟ್ಟ ರಥದ ದೃಷ್ಟಾಂತ ಪ್ರಸಿದ್ಧ: ಅಚ್ಚು, ಗಾಲಿ, ನೊಗಗಳಲ್ಲಿ ಯಾವುದೂ ರಥವಲ್ಲ, ಅವು ಕೂಡಿದಾಗ ರಥ ಎಂಬ ಹೆಸರು. ಹ್ಯೂಮ್‌ಗಿಂತ ಒಂದೂವರೆ ಸಾವಿರ ವರ್ಷಕ್ಕೂ ಹಿಂದಿನ ಮಾತು ಇದು.

ಇದಕ್ಕೆ ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಕೊಟ್ಟ ಉತ್ತರ ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲೇ ಗಮನಾರ್ಹ. ಯೋಚನೆಯೊಂದರಿಂದ ಅಲ್ಲ, ನೆನಪಿನಿಂದ ಅವರು ಆತ್ಮ ಇದೆ ಎಂದು ತರ್ಕಿಸಿದರು. ಹಿಂದೆ ಸವಿದ ಹಣ್ಣನ್ನು ಮತ್ತೆ ಕಂಡಾಗ ಬಾಯಲ್ಲಿ ನೀರೂರುತ್ತದೆ. ಅಂದು ಸವಿದವನು, ಇಂದು ಕಂಡವನು, ಈಗ ಬಯಸುತ್ತಿರುವವನು ಒಬ್ಬನೇ ಆಗಿರದಿದ್ದರೆ ಈ ಬಯಕೆ ಹುಟ್ಟುವುದು ಹೇಗೆ? ಕಣ್ಣಿನಿಂದ ನೋಡಿದ್ದನ್ನೇ ಈಗ ಕೈಯಿಂದ ಮುಟ್ಟುತ್ತಿದ್ದೇನೆ ಎಂಬ ಅರಿವು ಕಣ್ಣಿಗೂ ಇಲ್ಲ, ಕೈಗೂ ಇಲ್ಲ. ಎರಡನ್ನೂ ಕೂಡಿಸುವ ಒಬ್ಬ ಇರಲೇಬೇಕು. ಬೀಜದಿಂದ ಮೊಳಕೆ, ಮೊಳಕೆಯಿಂದ ಗಿಡ ಎಂಬಂತೆ ಕ್ಷಣದಿಂದ ಕ್ಷಣಕ್ಕೆ ಸಂಸ್ಕಾರ ಹರಿದರೆ ನೆನಪಿಗೆ ಅಷ್ಟೇ ಸಾಕು, ಒಬ್ಬ ಯಜಮಾನ ಬೇಕಿಲ್ಲ ಎಂದು ಬೌದ್ಧರು ಮರುತ್ತರ ಕೊಟ್ಟರು. ಮಿಥಿಲೆಯ ಉದಯನಾಚಾರ್ಯರು ಅವರನ್ನು ಎದುರಿಸಲೆಂದೇ 'ಆತ್ಮತತ್ತ್ವವಿವೇಕ' ಬರೆದರು. ಶತಮಾನಗಳು ನಡೆದ ಈ ವಾದದಲ್ಲಿ ಎರಡೂ ಕಡೆಯವರು ಒಪ್ಪಿದ್ದ ಸಂಗತಿ ಒಂದಿದೆ: ಈ ಕ್ಷಣದ ಅರಿವೊಂದರಿಂದಲೇ ಸ್ಥಿರವಾಗಿ ನಿಲ್ಲುವ ಆತ್ಮ ಸಿದ್ಧವಾಗುವುದಿಲ್ಲ.

ವೇದಾಂತಿಗಳು ಹಿಡಿದ ಸೂತ್ರ ಗಾಢನಿದ್ರೆ, ಡೆಕಾರ್ಟ್‌ನಿಗೆ ತೊಡಕಾದದ್ದೇ. ಎದ್ದವನು 'ಸುಖವಾಗಿ ನಿದ್ದೆ ಮಾಡಿದೆ, ಏನೂ ತಿಳಿಯಲಿಲ್ಲ' ಎನ್ನುತ್ತಾನೆ. ಯೋಚನೆ ನಿಂತಿದ್ದರೂ ಅದನ್ನು ಕಂಡ ಸಾಕ್ಷಿಯೊಂದು ಇತ್ತು ಎಂದು ಅವರ ನಿಲುವು. ಅದ್ವೈತಕ್ಕೆ ಯೋಚನೆ ಅಂತಃಕರಣದ ವೃತ್ತಿ, ಆತ್ಮದ ಸ್ವರೂಪವಲ್ಲ. ಯೋಚಿಸುವ 'ನಾನು' ಕೂಡ ಕಾಣಿಸಿಕೊಳ್ಳುವ ವಸ್ತುವೇ ಹೊರತು ಕಾಣುವವನಲ್ಲ. ಉಡುಪಿ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಹದಿಮೂರನೇ ಶತಮಾನದಲ್ಲಿ ಈ ಸಾಕ್ಷಿಗೆ ಬೇರೆಯೇ ಅರ್ಥ ಕೊಟ್ಟರು. ಅವರಿಗೆ ಸಾಕ್ಷಿ ಎಂದರೆ ಪ್ರತಿ ಜೀವನ ಸ್ವರೂಪವೇ ಆದ ಇಂದ್ರಿಯ. ತನ್ನನ್ನು, ತನ್ನ ಸುಖದುಃಖವನ್ನು, ಕಾಲವನ್ನು ಅದು ನೇರವಾಗಿ ಅರಿಯುತ್ತದೆ, ಎಂದೂ ತಪ್ಪುವುದಿಲ್ಲ. ಹೀಗಾಗಿ ದ್ವೈತದಲ್ಲಿ ನಾನು ಇದ್ದೇನೆ ಎಂಬುದಕ್ಕೆ ತರ್ಕದ ಸಾಧನೆಯೇ ಬೇಡ. ಅದು ನೇರ ಅನುಭವ, ಮತ್ತು ಅನುಭವಿಸುವ ಜೀವ ಪ್ರತಿಯೊಬ್ಬರಲ್ಲೂ ಬೇರೆ.

ಆಸ್ಪತ್ರೆ ಹೇಳುವ ಕಥೆ

ಇದು ಬರಿಯ ಪಂಡಿತರ ವಾದವಾಗಿ ಉಳಿದಿಲ್ಲ. 'ಯೋಚನೆ' ಮತ್ತು 'ನನ್ನದು' ಎಂಬ ಎರಡನ್ನು ಕಾಯಿಲೆ ಬೇರ್ಪಡಿಸಿ ತೋರಿಸುತ್ತದೆ. ಸ್ಕಿಜೋಫ್ರೇನಿಯಾ ಇರುವ ಕೆಲವರು, ತಮ್ಮ ತಲೆಯಲ್ಲಿ ಯೋಚನೆ ಬರುತ್ತಿದೆ ನಿಜ, ಆದರೆ ಅದು ತಮ್ಮದಲ್ಲ, ಬೇರೆ ಯಾರೋ ಒಳಗೆ ತುರುಕುತ್ತಿದ್ದಾರೆ ಎನ್ನುತ್ತಾರೆ. ಜರ್ಮನ್ ಮನೋವೈದ್ಯ ಕುರ್ಟ್ ಶ್ನೈಡರ್ ಇದನ್ನು ಆ ಕಾಯಿಲೆಯ ಮೊದಲ ಸಾಲಿನ ಲಕ್ಷಣಗಳಲ್ಲಿ ಸೇರಿಸಿದರು. ಯೋಚನೆ ಇದ್ದ ಮಾತ್ರಕ್ಕೆ 'ನಾನು ಯೋಚಿಸುತ್ತಿದ್ದೇನೆ' ಎಂಬ ಭಾವ ತಾನಾಗಿ ಬರುವುದಿಲ್ಲ, ಅದನ್ನು ಮಿದುಳು ಪ್ರತ್ಯೇಕವಾಗಿ ಒದಗಿಸಬೇಕು ಎಂದಾಯಿತು.

ಫ್ರಾನ್ಸಿನ ವೈದ್ಯ ಜೂಲ್ಸ್ ಕೊಟಾರ್ 1880ರಲ್ಲಿ ಇನ್ನೊಂದು ಸ್ಥಿತಿಯನ್ನು ವಿವರಿಸಿದರು. ಅವರ ಹೆಸರಿನಲ್ಲೇ ಕರೆಯುವ ಈ ಸ್ಥಿತಿಯಲ್ಲಿ ರೋಗಿ ತನಗೆ ಅಂಗಾಂಗಗಳೇ ಇಲ್ಲ, ತಾನು ಸತ್ತಿದ್ದೇನೆ, ತಾನು ಇಲ್ಲವೇ ಇಲ್ಲ ಎಂದು ದೃಢವಾಗಿ ನಂಬುತ್ತಾನೆ. ಹಾಗೆ ಹೇಳುವುದಕ್ಕೂ ಇರಬೇಕಲ್ಲ ಎಂಬ ತರ್ಕ ಅಲ್ಲಿ ಫಲಿಸುವುದಿಲ್ಲ. ಡೆಕಾರ್ಟ್ ಸೋತ ಎಂದು ಇದರ ಅರ್ಥವಲ್ಲ. ಇರುವುದು ಬೇರೆ, ಇದ್ದೇನೆ ಅನ್ನಿಸುವುದು ಬೇರೆ ಎಂಬುದಷ್ಟೇ ಅರ್ಥ.

ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ನರಗಳ ಕಟ್ಟನ್ನು ತೀವ್ರ ಮೂರ್ಛೆರೋಗದ ಚಿಕಿತ್ಸೆಗಾಗಿ ಕತ್ತರಿಸಿದ್ದವರ ಮೇಲೆ ರೋಜರ್ ಸ್ಪೆರಿ ಮತ್ತು ಮೈಕೆಲ್ ಗಜಾನಿಗ ಅಮೆರಿಕದಲ್ಲಿ ಪ್ರಯೋಗ ನಡೆಸಿದರು. ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಗಜಾನಿಗ ಅವರ ಒಂದು ಪ್ರಯೋಗದಲ್ಲಿ ಇಂಥ ಒಬ್ಬ ರೋಗಿಯ ಮಿದುಳಿನ ಮಾತನಾಡಬಲ್ಲ ಎಡ ಅರ್ಧಕ್ಕೆ ಕೋಳಿಯ ಕಾಲನ್ನೂ, ಮಾತಿಲ್ಲದ ಬಲ ಅರ್ಧಕ್ಕೆ ಹಿಮ ತುಂಬಿದ ಅಂಗಳವನ್ನೂ ತೋರಿಸಿ, ಹೊಂದುವ ಚಿತ್ರ ಆರಿಸಲು ಹೇಳಿದರು. ಬಲಗೈ ಕೋಳಿಯನ್ನು, ಎಡಗೈ ಸಲಿಕೆಯನ್ನು ಆರಿಸಿತು. ಸಲಿಕೆ ಏಕೆ ಎಂದು ಕೇಳಿದರೆ ಆತ ಕೋಳಿಗೂಡು ಗುಡಿಸಲು ಬೇಕಲ್ಲ ಎಂದ. ಹಿಮವನ್ನು ಎಡ ಅರ್ಧ ನೋಡಿಯೇ ಇರಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಎಂಬ ಅರಿವೂ ಆತನಿಗಿರಲಿಲ್ಲ. ನಡೆದದ್ದಕ್ಕೆಲ್ಲ 'ನಾನು ಮಾಡಿದೆ, ಇಂಥ ಕಾರಣಕ್ಕೆ ಮಾಡಿದೆ' ಎಂದು ಕಥೆ ಹೆಣೆಯುವ ವ್ಯವಸ್ಥೆ ಮಿದುಳಿನಲ್ಲಿದೆ ಎಂದು ಗಜಾನಿಗ ತೀರ್ಮಾನಿಸಿದರು. ಆ ಕಥೆಗಾರನನ್ನೇ ನಾವು ಕಥಾನಾಯಕ ಎಂದುಕೊಂಡಿರುವ ಸಾಧ್ಯತೆ ಇದೆ.

ಯಂತ್ರ 'ನಾನು' ಎಂದರೆ

ಈಗ ಈ ಹಳೆಯ ಪ್ರಶ್ನೆಗೆ ಹೊಸ ತುರ್ತು ಬಂದಿದೆ. ಮೊಬೈಲಿನಲ್ಲಿ ಚಾಟ್‌ಬಾಟ್ ಕನ್ನಡದಲ್ಲೇ 'ನಾನು ಯೋಚಿಸುತ್ತಿದ್ದೇನೆ' ಎಂದು ಬರೆಯುತ್ತದೆ. ಹಾಗಾದರೆ ಅದೂ ಇದೆಯೇ, ಅಂದರೆ 'ಒಬ್ಬ'ನಾಗಿ ಇದೆಯೇ? ತಮಾಷೆಯೆಂದರೆ 1637ರ ಪುಸ್ತಕದಲ್ಲೇ ಡೆಕಾರ್ಟ್ ಮಾತನಾಡುವ ಯಂತ್ರದ ವಿಚಾರ ಎತ್ತಿದ್ದ. ಯಂತ್ರ ಕೆಲವು ಪದಗಳನ್ನು ಉಚ್ಚರಿಸಬಹುದು, ಆದರೆ ಯಾರು ಏನೇ ಕೇಳಿದರೂ ಅದಕ್ಕೆ ತಕ್ಕಂತೆ ಮಾತು ಜೋಡಿಸಿ ಉತ್ತರಿಸಲಾರದು, ಹಾಗಾಗಿ ಮಾತೇ ಮನಸ್ಸಿನ ಗುರುತು ಎಂದಿದ್ದ. ಆ ಗುರುತು ಈಗ ಸಾಲದಾಗಿದೆ.

ಆದರೆ ಕೊಗಿತೊ ಇಲ್ಲಿ ನೆರವಿಗೆ ಬರುವುದಿಲ್ಲ, ಯಂತ್ರದ ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ. ಫಿನ್ಲೆಂಡಿನ ತರ್ಕಶಾಸ್ತ್ರಜ್ಞ ಯಾಕ್ಕೊ ಹಿಂಟಿಕ್ಕಾ 1962ರ ಲೇಖನದಲ್ಲಿ, ಅದು ಆಧಾರವಾಕ್ಯದಿಂದ ತೀರ್ಮಾನಕ್ಕೆ ಹೋಗುವ ತರ್ಕಕ್ಕಿಂತ ಹೆಚ್ಚಾಗಿ, ಮಾಡಿ ನೋಡಿದಾಗ ಮಾತ್ರ ಸಿದ್ಧಿಸುವ ಕ್ರಿಯೆ ಎಂದು ವಾದಿಸಿದರು. 'ನಾನು ಇಲ್ಲ' ಎಂದು ಯೋಚಿಸಲು ಹೋದವನಿಗೆ ಆ ಯೋಚನೆ ತಾನೇ ಕುಸಿದದ್ದು ಕಾಣುತ್ತದೆ. ಕಾಣುವುದು ಅವನಿಗೆ ಮಾತ್ರ, ಆ ಕ್ಷಣಕ್ಕೆ ಮಾತ್ರ. ಇನ್ನೊಬ್ಬರ ವಿಷಯದಲ್ಲಿ, ಅದು ಯಂತ್ರವಿರಲಿ, ಪಕ್ಕದ ಮನೆಯವರಿರಲಿ, ಈ ಸಾಧನೆಯನ್ನು ಪ್ರಯೋಗಿಸುವುದೇ ಸಾಧ್ಯವಿಲ್ಲ. ಪರದೆಯ ಮೇಲೆ ಮೂಡಿದ ವಾಕ್ಯ ಯಾರ ಇರುವಿಕೆಗೂ ಪುರಾವೆಯಲ್ಲ.

ಸಾಬೀತಾಗಿದ್ದು ಎಷ್ಟು?

ಹೊಗೆ ಕಂಡರೆ ಎಲ್ಲೋ ಬೆಂಕಿ ಇದೆ ಎನ್ನಬಹುದು, ಅದು ಯಾರ ಮನೆಯ ಒಲೆಯದು ಎಂದು ಹೊಗೆ ಹೇಳುವುದಿಲ್ಲ. ಯೋಚನೆಯೂ ಅಷ್ಟೇ. ಈ ಕ್ಷಣದಲ್ಲಿ ಅರಿವು ಇದೆ ಎಂಬುದನ್ನು ಅದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸುತ್ತದೆ. ಅಷ್ಟರ ಮಟ್ಟಿಗೆ ಡೆಕಾರ್ಟ್ ಗೆದ್ದಿದ್ದಾನೆ, ಶಂಕರರ ಮಾತೂ ನಿಲ್ಲುತ್ತದೆ. ಅರಿವು ಇದ್ದ ಮೇಲೆ ಅದು ಯಾರಿಗೋ ಆಗುತ್ತಿರಬೇಕು ಎಂಬಲ್ಲಿಂದಲೇ ವಿವಾದ ಶುರು. ಆ 'ಯಾರೋ' ನಿನ್ನೆಯೂ ಇದ್ದವನು, ನಾಳೆಯೂ ಇರುವವನು, ಇಂಥ ಹೆಸರಿನವನು, ದೇಹಕ್ಕಿಂತ ಬೇರೆಯಾದವನು ಎಂಬ ಯಾವುದನ್ನೂ ಯೋಚನೆ ತಾನಾಗಿ ಸಾಧಿಸಿಕೊಡುವುದಿಲ್ಲ.

ನಾವು ದಿನನಿತ್ಯ 'ನಾನು' ಎನ್ನುವುದು ಈ ಎರಡನೆಯ ಅರ್ಥದಲ್ಲಿ. ಹತ್ತು ವರ್ಷದ ಹಿಂದೆ ಸಾಲದ ಪತ್ರಕ್ಕೆ ಸಹಿ ಹಾಕಿದವನೇ ಇವತ್ತು ಕಂತು ಕಟ್ಟಬೇಕು ಎಂದು ಬ್ಯಾಂಕು ಕೇಳುವಾಗ, ಕೊಟ್ಟ ಮಾತನ್ನು ಉಳಿಸಿಕೋ ಎಂದು ಗೆಳೆಯ ನೆನಪಿಸುವಾಗ ಲೆಕ್ಕಕ್ಕೆ ಬರುವ 'ನಾನು' ಅದು. ಅದಕ್ಕೆ ಪುರಾವೆ ಒಳಗಿನ ಯೋಚನೆಯಲ್ಲಿ ಸಿಗುವುದಿಲ್ಲ. ನೆನಪು, ದೇಹ, ನಮ್ಮನ್ನು ಗುರುತಿಸುವ ಜನ, ನಾವು ಹೊರುವ ಹೊಣೆ ಇವು ಸೇರಿ ಅದನ್ನು ಕಟ್ಟುತ್ತವೆ. ನೈಯಾಯಿಕರು ನೆನಪಿನ ಕಡೆ ಬೆರಳು ಮಾಡಿದ್ದು ಸರಿಯಾದ ದಿಕ್ಕು. ಅಲ್ಲಿಂದ ನಿತ್ಯವಾದ ಆತ್ಮದವರೆಗೆ ಹೋಗಬಹುದೇ ಎಂಬುದು ಮಾತ್ರ ಇನ್ನೂ ಮುಗಿಯದ ಜಗಳ.

ಆದ್ದರಿಂದ ತೀರ್ಪು ಇಷ್ಟು: ಇರುವಿಕೆಗೆ ಯೋಚನೆ ಸಾಕ್ಷಿ ಹೇಳಬಲ್ಲದು, ವ್ಯಕ್ತಿಗೆ ಸಾಕ್ಷಿ ಹೇಳಲಾರದು. ನಾನು ಇದ್ದೇನೆಯೇ ಎಂದು ಕೇಳಿಕೊಳ್ಳುವವರಿಗೆ ಡೆಕಾರ್ಟ್ ಸಾಕು. ನಾನು ಯಾರು ಎಂದು ಕೇಳಿಕೊಳ್ಳುವವರು ಅವನನ್ನು ದಾಟಿ ಮುಂದೆ ಹೋಗಲೇಬೇಕು.